ಮೀನು ಅಳೆಯುವ ಅಕ್ರಿಲಿಕ್ ಡಬ್ಬಿ: ಡಬ್ಬಿ ಇಟ್ಟುಕೊಳ್ಳಿ, ಅದರ ಸ್ಕೇಲು ಕಿತ್ತು ಹಾಕಿ

ಅಕ್ವೇರಿಯಂ ಮೀನಿನ ದರ ಕಾರವಾರದಲ್ಲೂ ಇಂಚಿನ ಲೆಕ್ಕ, ಶಿರಸಿಯಲ್ಲೂ ಇಂಚಿನ ಲೆಕ್ಕ. ಎರಡಿಂಚಿನ ಆಸ್ಕರ್ ಮರಿಗೆ ಒಂದು ರೇಟು, ನಾಲ್ಕಿಂಚಿನದಕ್ಕೆ ಇನ್ನೊಂದು. ಆ ಇಂಚು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದರೆ ಅಂಗಡಿಯವರು ಎರಡು ಬೆರಳು ಅಗಲಿಸಿ ತೋರಿಸುತ್ತಾರೆ, ಅಷ್ಟೇ. ಆನ್‌ಲೈನಿನಲ್ಲಿ ಈಗ ಇದಕ್ಕೆಂದೇ ಸಾಮಾನು ಸಿಗುತ್ತದೆ: ಒಂದು ಬದಿಗೆ ಸ್ಕೇಲ್ ಸ್ಟಿಕ್ಕರ್ ಅಂಟಿಸಿದ ಪಾರದರ್ಶಕ ಅಕ್ರಿಲಿಕ್ ಡಬ್ಬಿ. ಕೆಲವರು ಇದನ್ನು ಫೋಟೋ ಬಾಕ್ಸ್ ಎಂದೂ ಕರೆಯುತ್ತಾರೆ. ಹೆಸರಿಲ್ಲದ ಕಂಪನಿಗಳದ್ದೇ ಹೆಚ್ಚು, ರಚನೆ ಮಾತ್ರ ಎಲ್ಲದರದ್ದೂ ಒಂದೇ. ಹಾಗಾಗಿ ಇದು ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ, ಈ ಜಾತಿಯ ಡಬ್ಬಿಯದ್ದು. ಅದರ ಜೊತೆಗೆ ಮಾರುವ ಗಾಜಿಗೆ ಅಂಟಿಸುವ ಸ್ಕೇಲು, ಮೊಬೈಲ್ ಆ್ಯಪ್, ಎರಡು ದವಡೆಯ ನಡುವೆ ಹಿಡಿದು ಅಳೆಯುವ ವರ್ನಿಯರ್‌ಗಳ ಬಗ್ಗೆಯೂ ಎರಡು ಮಾತು ಇದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಡಬ್ಬಿ ಕೊಳ್ಳಲು ಅಡ್ಡಿಯಿಲ್ಲ. 12 ಸೆಂ.ಮೀ. ಒಳಗಿನ ಮೀನಿಗೆ ಇದಕ್ಕಿಂತ ಕಡಿಮೆ ತೊಂದರೆ ಕೊಡುವ ಸಾಧನ ಬೇರೆ ಇಲ್ಲ. ಆದರೆ ಅದರ ಮೇಲಿನ ಸ್ಕೇಲನ್ನು ನಂಬಬೇಡಿ.

ಡಬ್ಬಿ ಬಿಚ್ಚುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು: ಯಾವ ಉದ್ದ? ಮೀನಿಗೆ ಉದ್ದ ಒಂದಲ್ಲ, ಮೂರು. ಬಾಯಿ ಮುಚ್ಚಿದಾಗ ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಕೊನೆಯವರೆಗಿನದ್ದು ಒಟ್ಟು ಉದ್ದ, ಟಿಎಲ್. ಮೂತಿಯಿಂದ ಬೆನ್ನುಮೂಳೆ ಮುಗಿಯುವ ಜಾಗದವರೆಗಿನದ್ದು, ಎಂದರೆ ಬಾಲದ ರೆಕ್ಕೆ ಬಿಟ್ಟು ಬರೀ ಮೈ, ಸ್ಟ್ಯಾಂಡರ್ಡ್ ಲೆಂತ್, ಎಸ್ಎಲ್. ಮೂರನೆಯದು ಬಾಲದ ಕವಲಿನ ನಡುವಿನವರೆಗಿನ ಫೋರ್ಕ್ ಲೆಂತ್. ಮಾರುಕಟ್ಟೆಯಲ್ಲಿ ಬಂಗಡೆ ಕೈಗೆತ್ತಿಕೊಂಡು ಬಾಲ ನೋಡಿದರೆ ಈ ಮೂರನೆಯದು ಯಾಕೆ ಹುಟ್ಟಿತು ಎಂದು ತಾನೇ ತಿಳಿಯುತ್ತದೆ: ಕವಲು ಆಳವಾಗಿದೆ, ತುದಿಗಳು ಬಲೆಯಲ್ಲಿ ಬೇಗ ಮುರಿಯುತ್ತವೆ, ನಡುವಿನ ತಗ್ಗು ಮಾತ್ರ ಉಳಿಯುತ್ತದೆ. ಅಕ್ವೇರಿಯಂನಲ್ಲಿ ಫೋರ್ಕ್ ಲೆಂತ್ ಬೇಕಾಗುವುದು ಕಡಿಮೆ.

ಅಂಗಡಿಯವರ ಇಂಚು ಬಹುಮಟ್ಟಿಗೆ ಟಿಎಲ್. ಮೀನಿನ ವಿವರ ಕೊಡುವ ಪುಸ್ತಕಗಳಲ್ಲಿ, ಮುಖ್ಯವಾಗಿ ಕ್ಯಾಟ್‌ಫಿಷ್ ಬಗ್ಗೆ ಬರೆದವುಗಳಲ್ಲಿ, ಎಸ್ಎಲ್ ಇರುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಟ್ಯಾಂಕ್ ಕೊಂಡವರಿಗೆ ಆಮೇಲೆ ಜಾಗ ಸಾಲುವುದಿಲ್ಲ. ಕೋರಿಡೋರಾಸ್‌ನಂಥ ಮೀನಿನಲ್ಲಿ ವ್ಯತ್ಯಾಸ ಒಂದೂವರೆ ಸೆಂ.ಮೀ. ಆಚೀಚೆ ಇರಬಹುದು. ಫ್ಯಾನ್‌ಟೇಲ್ ಗೋಲ್ಡ್‌ಫಿಷ್, ಹಾಫ್‌ಮೂನ್ ಫೈಟರ್ ಇಂಥವುಗಳಲ್ಲಿ ಬಾಲವೇ ಮೈಯ ಅರ್ಧಕ್ಕಿಂತ ಹೆಚ್ಚು ಬರಬಹುದು. ಬಾಲ ಹರಿದು ಹೋದರೆ ಟಿಎಲ್ ಕಡಿಮೆಯಾಗುತ್ತದೆ, ಎಸ್ಎಲ್ ಹಾಗೆಯೇ ಉಳಿಯುತ್ತದೆ. ಮೀನು ಬೆಳೆಯುತ್ತಿದೆಯೋ ಇಲ್ಲವೋ ನೋಡಲು ಎಸ್ಎಲ್, ಅಂಗಡಿಯವರ ಜೊತೆ ಚೌಕಾಸಿಗೆ ಟಿಎಲ್. ಪುಸ್ತಕದಲ್ಲಿ ಬರೆದಿಡುವಾಗ ಸಂಖ್ಯೆಯ ಮುಂದೆ ಯಾವುದೆಂದು ನಮೂದಿಸಬೇಕು. ಬರೀ "6 ಸೆಂ.ಮೀ." ಎಂದು ಬರೆದದ್ದು ಆರು ತಿಂಗಳ ಮೇಲೆ ಬರೆದವರಿಗೇ ಅರ್ಥವಾಗುವುದಿಲ್ಲ.

ಬದುಕಿರುವ ಮೀನಿನಲ್ಲಿ ಬೆನ್ನುಮೂಳೆ ಎಲ್ಲಿ ಮುಗಿಯಿತೆಂದು ಹುಡುಕುವುದು ಕಷ್ಟವಲ್ಲ. ಮೀನು ಬಾಲ ಬಾಗಿಸಿದಾಗ ಬುಡದಲ್ಲಿ ಒಂದು ಮಡಿಕೆ ಮೂಡುತ್ತದೆ, ಅದೇ ಜಾಗ. ಹುರುಪೆ ಮುಗಿಯುವ ಗೆರೆಯನ್ನು ಹಿಡಿದರೆ ತಪ್ಪಾಗುತ್ತದೆ, ಎಷ್ಟೋ ಮೀನುಗಳಲ್ಲಿ ಹುರುಪೆ ಬಾಲದ ರೆಕ್ಕೆಯ ಮೇಲೂ ಸ್ವಲ್ಪ ಹತ್ತಿರುತ್ತದೆ. ಮರಿ ಏಂಜಲ್, ಗಪ್ಪಿ, ಟೆಟ್ರಾಗಳಿಗೆ ಇನ್ನೂ ಸುಲಭದ ದಾರಿ ಇದೆ. ಡಬ್ಬಿಯ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನಡುವೆ ಒಂದು ಬಿಳಿ ಕಾಗದ ಅಡ್ಡ ಇಟ್ಟರೆ ಮೈಯೊಳಗಿನ ಮೂಳೆ ನೆರಳಾಗಿ ಕಾಣುತ್ತದೆ. ಬಾಲದ ಬುಡದಲ್ಲಿ ಪುಟ್ಟ ಬೀಸಣಿಗೆಯಂತೆ ಹರಡಿದ ಕಪ್ಪು ತಟ್ಟೆಯ ಹಿಂದಿನ ಅಂಚೇ ಎಸ್ಎಲ್‌ನ ಕೊನೆ. ಗ್ಲಾಸ್ ಕ್ಯಾಟ್‌ಫಿಷ್‌ಗೆ ಟಾರ್ಚೂ ಬೇಡ.

ಈಗ ಡಬ್ಬಿಗೆ ಬರೋಣ. ಆಯ್ಕೆ ಮಾಡುವಾಗ ನೋಡಬೇಕಾದದ್ದು ಅಗಲ. 20 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರ, 5 ಸೆಂ.ಮೀ. ಒಳ ಅಗಲದ ಡಬ್ಬಿ ಮನೆಯ ಬಳಕೆಗೆ ಸರಿ. ಪೂರ್ತಿ ತುಂಬಿದರೆ ಒಂದು ಲೀಟರ್ ನೀರು ಹಿಡಿಯುತ್ತದೆ. ಇದಕ್ಕಿಂತ ಅಗಲವಾದದ್ದು "ದೊಡ್ಡದು, ಲಾಭ" ಎನ್ನಿಸುತ್ತದೆ, ಆದರೆ ಅಳತೆಗೆ ಅದೇ ನಷ್ಟ. ಯಾಕೆಂದರೆ ಮೀನು ಮುಂದಿನ ಗೋಡೆಯಿಂದ ಹಿಂದೆ ಸರಿದಷ್ಟೂ ಓದು ತಪ್ಪುತ್ತದೆ.

ಲೆಕ್ಕ ಹೀಗೆ. ಮುಂದಿನ ಗೋಡೆಯ ಹೊರಗೆ ಸ್ಕೇಲು, ನಡು ನೀರಿನಲ್ಲಿ ಮೀನು, ಗೋಡೆಗೂ ಮೀನಿಗೂ ನಡುವೆ 2 ಸೆಂ.ಮೀ. ಅಂತರ. ನೀರಿನ ವಕ್ರೀಭವನದಿಂದ ಆ 2 ಸೆಂ.ಮೀ. ನಮಗೆ ಒಂದೂವರೆಯಾಗಿ ಕಾಣುತ್ತದೆ, ಅಕ್ರಿಲಿಕ್‌ನ ದಪ್ಪ ಸೇರಿ 1.7 ಎಂದುಕೊಳ್ಳಿ. ಕಣ್ಣು 30 ಸೆಂ.ಮೀ. ದೂರದಲ್ಲಿದ್ದರೆ ಸ್ಕೇಲಿನ ಮೇಲೆ ಓದುವುದು ನಿಜವಾದ ಉದ್ದದ 30 ಭಾಗಿಸು 31.7, ಅಂದರೆ ನೂರಕ್ಕೆ 94.6. ಆರು ಸೆಂ.ಮೀ. ಮೀನು 5.7 ಎಂದು ಸಿಗುತ್ತದೆ. ಇದನ್ನು ಸಹಿಸಿಕೊಳ್ಳಬಹುದು. ಈಗ ಇದೇ ಸ್ಟಿಕ್ಕರನ್ನು ಟ್ಯಾಂಕಿನ ಮುಂದಿನ ಗಾಜಿಗೆ ಅಂಟಿಸಿ ನೋಡಿ. ಮೀನು ಗಾಜಿನಿಂದ 10 ಸೆಂ.ಮೀ. ಹಿಂದಿದೆ, ಕಣ್ಣು 30 ಸೆಂ.ಮೀ. ಮುಂದಿದೆ. ಹತ್ತು ಸೆಂ.ಮೀ. ಮೀನು ಎಂಟೇ ಸೆಂ.ಮೀ. ತೋರಿಸುತ್ತದೆ. ನೂರಕ್ಕೆ ಇಪ್ಪತ್ತು ಹೋಯಿತು. ಒಂದು ಮೀಟರ್ ಹಿಂದೆ ಸರಿದು ನೋಡಿದರೆ 9.3ಕ್ಕೆ ಏರುತ್ತದೆ.

ಸ್ಟಿಕ್ಕರನ್ನು ಹಿಂದಿನ ಗಾಜಿಗೆ ಅಂಟಿಸುವವರೂ ಇದ್ದಾರೆ, ನೋಡಲು ಚೆಂದ ಎಂದು. 30 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಅದೇ ಮೀನು, ಅದೇ ಜಾಗ, ಅದೇ ಕಣ್ಣು: ಈಗ 14 ಸೆಂ.ಮೀ.! ಮಾರುವವರಿಗೆ ಇದಕ್ಕಿಂತ ಒಳ್ಳೆಯ ಸ್ಕೇಲು ಸಿಕ್ಕದು. ಮೀಟರ್ ದೂರದಿಂದ ನೋಡಿದರೂ 11.4.

ನೀರಿನಲ್ಲಿ ಮೀನು ದೊಡ್ಡದಾಗಿ ಕಾಣುತ್ತದೆ ಎಂಬ ಮಾತೂ ಸುಳ್ಳಲ್ಲ. ನೀರು ಮೀನನ್ನು ಹತ್ತಿರ ಎಳೆದು ತೋರಿಸುತ್ತದೆ, ಹತ್ತಿರ ಬಂದದ್ದು ದೊಡ್ಡದಾಗಿ ಕಾಣಲೇಬೇಕು. ಆದರೆ ಸ್ಕೇಲು ಅದಕ್ಕಿಂತಲೂ ಹತ್ತಿರ ಇರುವುದರಿಂದ ಓದು ಕಡಿಮೆಯಾಗುತ್ತದೆ. ನಿಜವಾಗಿ ಹಿಗ್ಗಿಸುವುದು ದುಂಡನೆಯ ಪಾತ್ರೆ. ಅಂಗಡಿಯವರು ಆಕ್ಸಿಜನ್ ತುಂಬಿ ರಬ್ಬರ್ ಬ್ಯಾಂಡ್ ಬಿಗಿದು ಕೊಡುವ ಪ್ಲಾಸ್ಟಿಕ್ ಕೊಟ್ಟೆ ಗುಂಡಗೆ ಉಬ್ಬಿ ಭೂತಗನ್ನಡಿಯೇ ಆಗಿರುತ್ತದೆ. ಅದರ ನಟ್ಟನಡುವೆ ಇರುವ ಮೀನು ಅಡ್ಡಕ್ಕೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಕಾಣುತ್ತದೆ. ಆರು ಸೆಂ.ಮೀ. ಮೀನು ಎಂಟರಂತೆ. ಮನೆಗೆ ತಂದು ಟ್ಯಾಂಕಿಗೆ ಬಿಟ್ಟ ಮೇಲೆ "ಅಂಗಡಿಯಲ್ಲಿ ದೊಡ್ಡದಿತ್ತಲ್ಲ" ಎನ್ನಿಸುವುದಕ್ಕೆ ಅರ್ಧ ಕಾರಣ ಇದೇ. ಗಾಜಿನ ಬೋಗುಣಿಯಲ್ಲಿಟ್ಟ ಫೈಟರ್‌ಗೂ ಇದೇ ಮಾತು. ಕೊಳ್ಳುವ ಮೊದಲು ಚಪ್ಪಟೆ ಗಾಜಿನ ಹಿಂದೆ ನೋಡಿ, ಇಲ್ಲವೇ ಕೊಟ್ಟೆಯನ್ನು ಮೇಲಿನಿಂದ ನೋಡಿ.

ಇಷ್ಟೆಲ್ಲ ಲೆಕ್ಕದಿಂದ ಹೊರಡುವ ಕೆಲಸದ ಸೂತ್ರ ಒಂದೇ: ಸ್ಕೇಲು ಮತ್ತು ಮೀನು ಒಂದೇ ನೀರಿನಲ್ಲಿ, ಒಂದೇ ದೂರದಲ್ಲಿ ಇರಬೇಕು. ಹಾಗಿದ್ದರೆ ನೀರು ಎರಡನ್ನೂ ಒಂದೇ ರೀತಿ ಮೋಸ ಮಾಡುತ್ತದೆ, ಮೋಸಕ್ಕೆ ಮೋಸ ವಜಾ.

ಡಬ್ಬಿಯ ಸ್ಟಿಕ್ಕರ್ ಕೀಳಬೇಕು ಎಂದದ್ದು ಇದಕ್ಕೇ, ಜೊತೆಗೆ ಇನ್ನೊಂದು ದೋಷಕ್ಕೂ. ಡಬ್ಬಿಯನ್ನು ಬೆಳಕಿಗೆ ಹಿಡಿದು ಸ್ಕೇಲಿನ ಸೊನ್ನೆ ಎಲ್ಲಿದೆ ನೋಡಿ. ಹೊರಗಿನ ಅಂಚಿಗೆ ಸೊನ್ನೆ ಹೊಂದಿಸಿದ್ದರೆ ಗೋಡೆಯ ದಪ್ಪ 3 ಮಿ.ಮೀ. ಪ್ರತಿ ಮೀನಿಗೂ ಪುಕ್ಕಟೆ ಸೇರಿಕೊಳ್ಳುತ್ತದೆ. ಮೀನಿನ ಮೂತಿ ತಾಗುವುದು ಒಳಗಿನ ಗೋಡೆಗೆ, ಸೊನ್ನೆಯೂ ಅಲ್ಲೇ ಇರಬೇಕು. ಮೂರು ಸೆಂ.ಮೀ. ನಿಯಾನ್ ಟೆಟ್ರಾಕ್ಕೆ 3 ಮಿ.ಮೀ. ಅಂದರೆ ನೂರಕ್ಕೆ ಹತ್ತು. ಸ್ಟಿಕ್ಕರಿನ ಮೇಲೆ ಉಕ್ಕಿನ ಸ್ಕೇಲ್ ಇಟ್ಟು 10 ಸೆಂ.ಮೀ. ನಿಜಕ್ಕೂ ಹತ್ತೇ ಇದೆಯೇ ಎಂದೂ ನೋಡಬೇಕು. ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವ ಸ್ಕೇಲಿಗೆ ಈ ಪರೀಕ್ಷೆ ಕಡ್ಡಾಯ. ಪ್ರಿಂಟರ್ ಕಾಗದಕ್ಕೆ ಹೊಂದಿಸುವ ಭರದಲ್ಲಿ ಪುಟವನ್ನೇ ಕುಗ್ಗಿಸಿಬಿಡುತ್ತದೆ. ಅಳತೆ ನೂರಕ್ಕೆ ನೂರು ಎಂದು ಹೇಳಿ ತೆಗೆಸಬೇಕು.

ಬದಲಿಗೆ ಏನು? ಹಾರ್ಡ್‌ವೇರ್ ಅಂಗಡಿಯ 15 ಸೆಂ.ಮೀ. ಸ್ಟೇನ್‌ಲೆಸ್ ಸ್ಕೇಲು, ಗೆರೆ ಕೊರೆದದ್ದು, ಬರೀ ಬಣ್ಣದಲ್ಲಿ ಅಚ್ಚು ಹಾಕಿದ್ದಲ್ಲ. ಉಕ್ಕಿನ ಸ್ಕೇಲಿನಲ್ಲಿ ಸೊನ್ನೆ ಅಂಚಿನಿಂದಲೇ ಶುರು. ಮಕ್ಕಳ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗೆ ಮೊದಲು ನಾಲ್ಕೈದು ಮಿ.ಮೀ. ಖಾಲಿ ಬಿಟ್ಟಿರುತ್ತಾರೆ, ಅದನ್ನು ಗೋಡೆಗೆ ಒತ್ತಿ ಇಟ್ಟರೆ ಅಷ್ಟು ಕಡಿಮೆ ಓದು. ಉಕ್ಕಿನ ಸ್ಕೇಲನ್ನು ಡಬ್ಬಿಯ ಒಳಗೆ, ಮುಂದಿನ ಗೋಡೆಗೆ ಒರಗಿಸಿ, ತಳದಲ್ಲಿ ಅಡ್ಡಲಾಗಿ ನಿಲ್ಲಿಸಬೇಕು. ಅಂಟು ಬೇಡ, ಹಿಂದಿನಿಂದ ಸ್ಪಂಜು ಒತ್ತಿಕೊಂಡಿರುತ್ತದೆ. ಕಾರವಾರದ ಉಪ್ಪುಗಾಳಿಗೆ ಅಗ್ಗದ ಸ್ಟೇನ್‌ಲೆಸ್ಸೂ ಚುಕ್ಕೆ ಚುಕ್ಕೆಯಾಗಿ ಕಂದುತ್ತದೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿಟ್ಟರೆ ವರ್ಷಗಟ್ಟಲೆ ಬರುತ್ತದೆ.

ಆ ಸ್ಪಂಜೇ ಈ ಡಬ್ಬಿಯ ಜೀವ. ಡಬ್ಬಿಯ ಜೊತೆ ಬರುವ ಸರಿಸುವ ತಟ್ಟೆ ಗಟ್ಟಿ ಅಕ್ರಿಲಿಕ್‌ನದು. ಅಂಚು ಚೂಪು, ಮೀನು ಗಾಬರಿಗೊಂಡು ತಿರುಗಿದರೆ ತಟ್ಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟುಬಿಡಿ. ಫಿಲ್ಟರಿಗೆ ಹಾಕುವ ನುಣ್ಣನೆಯ ಸ್ಪಂಜನ್ನು ಡಬ್ಬಿಯ ಉದ್ದ ಮತ್ತು ಎತ್ತರಕ್ಕೆ ಸರಿಯಾಗಿ, ದಪ್ಪ 2 ಸೆಂ.ಮೀ. ಇರುವಂತೆ ಕತ್ತರಿಸಿ, ಟ್ಯಾಂಕಿನ ನೀರಿನಲ್ಲೇ ಹಿಂಡಿ ಗಾಳಿ ತೆಗೆದು ಬಳಸಬೇಕು. ಒಣ ಸ್ಪಂಜು ತೇಲುತ್ತದೆ. ಪಾತ್ರೆ ತಿಕ್ಕುವ ಸ್ಪಂಜು ಹೊಸದಾದರೂ ಬೇಡ, ಕೆಲವಕ್ಕೆ ಬೂಸ್ಟು ಬಾರದಂತೆ ಔಷಧಿ ಹಾಕಿರುತ್ತಾರೆ.

ಅಳೆಯುವ ಕ್ರಮ ಹೀಗಿರಲಿ. ಡಬ್ಬಿಯನ್ನು ಟ್ಯಾಂಕಿನಲ್ಲಿ ಮುಳುಗಿಸಿ ಅಡ್ಡ ಮಲಗಿಸಿ, ಬಲೆಯಿಂದ ಮೀನನ್ನು ಒಳಗೆ ಅಟ್ಟಿ. ಬಲೆಯಲ್ಲಿ ಎತ್ತಿ ಡಬ್ಬಿಗೆ ಸುರಿಯುವುದಲ್ಲ. ಗಾಳಿಗೆ ಬಾರದ ಮೀನಿನ ಲೋಳೆ ಉಳಿಯುತ್ತದೆ, ಅರ್ಧ ಗಾಬರಿಯೂ ತಪ್ಪುತ್ತದೆ. ಕೋರಿಡೋರಾಸ್, ಪಿಕ್ಟಸ್, ಸಕ್ಕರ್‌ಗಳಿಗಂತೂ ಬಲೆ ಶತ್ರು: ಪಕ್ಕದ ರೆಕ್ಕೆಯ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿ ಬಿಡಿಸುವ ಹೊತ್ತಿಗೆ ಮೀನೂ ಸುಸ್ತು, ಕೈಯೂ ಗಾಯ. ಸಿಕ್ಕಿಯೇಬಿಟ್ಟರೆ ಎಳೆಯಬೇಡಿ, ಬಲೆಯನ್ನು ನೀರಿನಲ್ಲೇ ಬಿಟ್ಟು ಅದು ತಾನೇ ಮುಳ್ಳು ಮಡಿಸುತ್ತದೆಯೇ ಕಾಯಿರಿ, ಇಲ್ಲವಾದರೆ ಬಲೆಯ ಆ ದಾರ ಕತ್ತರಿಸಿ. ಪಫರ್ ಮೀನನ್ನು ಮಾತ್ರ ಯಾವ ಕಾರಣಕ್ಕೂ ನೀರಿನಿಂದ ಎತ್ತಬಾರದು. ಅದು ಹೆದರಿ ಹೊಟ್ಟೆ ಉಬ್ಬಿಸುವಾಗ ನೀರಿನ ಬದಲು ಗಾಳಿ ಎಳೆದುಕೊಂಡರೆ ಹೊರಹಾಕಲಾರದೆ ಸಾಯಬಹುದು.

ಡಬ್ಬಿಯಲ್ಲಿ ಮೀನಿನ ಬೆನ್ನು ಮುಳುಗಿ ಎರಡು ಬೆರಳು ಮೇಲಕ್ಕೆ ನೀರಿದ್ದರೆ ಸಾಕು. ಜೀಬ್ರಾ ಡೇನಿಯೊ, ಹ್ಯಾಚೆಟ್ ಇಂಥ ಹಾರುವ ಜಾತಿಗೆ ಮೇಲೆ ಮುಚ್ಚಳ ಬೇಕು. ಸಮತಟ್ಟಾದ ಮೇಜಿನ ಮೇಲಿಟ್ಟು, ಹಿಂದೆ ಒದ್ದೆ ಕಪ್ಪು ಬಟ್ಟೆ ಇಳಿಬಿಟ್ಟು, ಎರಡು ನಿಮಿಷ ಸುಮ್ಮನಿರಿ. ಕಪ್ಪು ಹಿನ್ನೆಲೆಗೆ ಮೀನು ಬೇಗ ಶಾಂತವಾಗುತ್ತದೆ, ಪಾರದರ್ಶಕ ರೆಕ್ಕೆಯ ಅಂಚೂ ಎದ್ದು ಕಾಣುತ್ತದೆ. ಆಮೇಲೆ ಹಿಂದಿನಿಂದ ಸ್ಪಂಜನ್ನು ನಿಧಾನಕ್ಕೆ ಮುಂದೆ ತನ್ನಿ. ಮೀನು ಮುಂದಿನ ಗೋಡೆಗೆ ಪಕ್ಕೆ ಕೊಟ್ಟು ನಿಲ್ಲುವಷ್ಟು, ಒತ್ತುವಷ್ಟಲ್ಲ. ಕಿವಿರಿನ ಮುಚ್ಚಳ ಸಲೀಸಾಗಿ ತೆರೆದು ಮುಚ್ಚುತ್ತಿರಬೇಕು.

ಓದನ್ನು ಕಣ್ಣಿನಲ್ಲಿ ಹಿಡಿಯುವ ಬದಲು ಫೋಟೋ ತೆಗೆಯಿರಿ. ಮೊಬೈಲು 60 ಸೆಂ.ಮೀ. ದೂರ, ಡಬ್ಬಿಯ ಎತ್ತರಕ್ಕೇ, ಮೀನು ಚಿತ್ರದ ನಟ್ಟನಡುವೆ, ಎರಡು ಪಟ್ಟು ಝೂಮ್. ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ತೆಗೆದರೆ ಅಂಚು ಸೊಟ್ಟಗಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಪಿಕ್ಸೆಲ್ ಎಣಿಸುವುದು: ಚಿತ್ರದಲ್ಲಿ ಸ್ಕೇಲಿನ 10 ಸೆಂ.ಮೀ. 1240 ಪಿಕ್ಸೆಲ್ ಬಂದು, ಮೀನು ಮೂತಿಯಿಂದ ಬಾಲದ ಬುಡಕ್ಕೆ 682 ಬಂದರೆ ಎಸ್ಎಲ್ 5.5 ಸೆಂ.ಮೀ. ಇದರಲ್ಲಿ ದೊಡ್ಡ ಅನುಕೂಲವೆಂದರೆ ಮೂತಿಯನ್ನು ಸೊನ್ನೆಗೆ ತಾಗಿಸುವ ಗೋಜೇ ಇಲ್ಲ.

ಹತ್ತು ಫೋಟೋ ತೆಗೆದರೆ ಹತ್ತು ಉದ್ದ ಬರುತ್ತದೆ, ಸರಾಸರಿ ತೆಗೆಯಲು ಕೈ ತುರಿಸುತ್ತದೆ. ತೆಗೆಯಬೇಡಿ. ಸ್ಕೇಲು ಮೀನಿಗಿಂತ ಮುಂದೆ ಇರುವ ಈ ಜೋಡಣೆಯಲ್ಲಿ ದೊಡ್ಡ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತವೆ. ಮೀನು ಹಿಂದೆ ಸರಿದರೆ ಓದು ಕಡಿಮೆ. ಓರೆಯಾಗಿ ನಿಂತರೆ ಕಡಿಮೆ: 20 ಡಿಗ್ರಿ ತಿರುಗಿದರೆ ನೂರಕ್ಕೆ ಆರು, 30 ಡಿಗ್ರಿಗೆ ಹದಿಮೂರು ಕಳೆಯುತ್ತದೆ. ಮೈ ಬಾಗಿದರೂ ಕಡಿಮೆಯೇ. ಹಾಗಾಗಿ ಬಾಯಿ ಮುಚ್ಚಿರುವ ಚಿತ್ರಗಳಲ್ಲಿ ಎಲ್ಲಕ್ಕಿಂತ ಉದ್ದ ಬಂದದ್ದೇ ನಿಜಕ್ಕೆ ಹತ್ತಿರ. ಬಾಯಿ ಮುಚ್ಚಿರಬೇಕು ಎಂಬ ಷರತ್ತು ಯಾಕೆಂದರೆ ಏಂಜಲ್, ಡಿಸ್ಕಸ್, ಗೋಲ್ಡ್‌ಫಿಷ್‌ಗಳ ತುಟಿ ಮುಂದಕ್ಕೆ ಚಾಚುತ್ತದೆ. ಹಿಂದಿನ ಗಾಜಿನ ಸ್ಕೇಲಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಒಂದು ತಪ್ಪು ಹಿಗ್ಗಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ.

ಒಟ್ಟು ಐದು ನಿಮಿಷದಲ್ಲಿ ಮುಗಿಯಬೇಕು. ಮುಕ್ಕಾಲು ಲೀಟರ್ ನೀರು ಬೇಗ ತಣಿಯುತ್ತದೆ. ಕಾರವಾರದ ಸೆಕೆಗೆ ಇದು ತೊಂದರೆಯಲ್ಲ, ಶಿರಸಿಯಲ್ಲಿ ಚಳಿಗಾಲದ ಬೆಳಗ್ಗೆ ಹೀಟರ್ ಇರುವ ಟ್ಯಾಂಕಿನ ಮೀನನ್ನು ಹೊರಗೆ ತೆಗೆದರೆ ತೊಂದರೆಯೇ. ಅಂಥ ದಿನ ಮಧ್ಯಾಹ್ನಕ್ಕೆ ಮುಂದೂಡಿ. ಮರಿಗಳನ್ನು ತಿಂಗಳಿಗೊಮ್ಮೆ, ದೊಡ್ಡವನ್ನು ಮೂರು ತಿಂಗಳಿಗೊಮ್ಮೆ ಅಳೆದರೆ ಧಾರಾಳವಾಯಿತು. ಲವಂಗದ ಎಣ್ಣೆ ಹಾಕಿ ಮಂಪರು ಬರಿಸಿ ಅಳೆಯುವ ಪದ್ಧತಿ ಹ್ಯಾಚರಿಗಳಲ್ಲಿದೆ. ಮನೆಯಲ್ಲಿ ಹನಿ ಲೆಕ್ಕದಲ್ಲಿ ಹಾಕುವಾಗ ಮಂಪರಿಗೂ ಸಾವಿಗೂ ನಡುವೆ ಅಂತರ ಬಹಳ ಕಡಿಮೆ, ಎಣ್ಣೆ ನೀರಿನಲ್ಲಿ ಸಮನಾಗಿ ಬೆರೆಯುವುದೂ ಇಲ್ಲ. ಒಂದು ಉದ್ದದ ಸಂಖ್ಯೆಗಾಗಿ ಇದು ಬೇಡ.

ಡಬ್ಬಿಯ ಬಾಳಿಕೆ ತೊಳೆಯುವವರ ಕೈಯಲ್ಲಿದೆ. ತೆಂಗಿನ ನಾರು, ಸ್ಕ್ರಬರ್ ತಾಗಿಸಿದರೆ ಒಂದೇ ದಿನಕ್ಕೆ ಮಂಜು ಕವಿಯುತ್ತದೆ. ಬೆರಳು ಮತ್ತು ಹಳೆಯ ಹತ್ತಿ ಬಟ್ಟೆ ಸಾಕು. ಸ್ಯಾನಿಟೈಸರ್, ಸ್ಪಿರಿಟ್ ಹಚ್ಚಿದರೆ ಅಂಟಿಸಿದ ಅಂಚುಗಳಲ್ಲಿ ಜೇಡರಬಲೆಯಂಥ ಬಿರುಕು ಮೂಡಿ, ಒಂದು ದಿನ ಮೂಲೆಯಿಂದ ನೀರು ಜಿನುಗತೊಡಗುತ್ತದೆ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣವಂತೂ ಅಕ್ರಿಲಿಕ್ ಅನ್ನೇ ಕರಗಿಸುತ್ತದೆ. ಒಂದು ಟ್ಯಾಂಕಿನ ರೋಗ ಇನ್ನೊಂದಕ್ಕೆ ಹೋಗದಂತೆ ಬಿಸಿಲಿಗೆ ಒಣಗಿಸಿ ಎನ್ನುವುದು ರೂಢಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಆ ಸಲಹೆ ಕೊಡುವವರು ಬಿಸಿಲನ್ನೂ ಜೊತೆಗೆ ತರಬೇಕು! ಮಳೆಗಾಲದಲ್ಲಿ 20 ಪಾಲು ನೀರಿಗೆ 1 ಪಾಲು ಸುವಾಸನೆಯಿಲ್ಲದ ಬ್ಲೀಚ್ ದ್ರಾವಣ ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಕೊನೆಗೆ ಆಂಟಿ ಕ್ಲೋರಿನ್ ಹಾಕಿದ ನೀರಿನಲ್ಲಿ ಅದ್ದಿ ತೆಗೆಯಿರಿ. ಸ್ಪಂಜಿಗೆ ಇದು ಬೇಡ, ಟ್ಯಾಂಕಿಗೊಂದು ಬೇರೆ ಸ್ಪಂಜು ಇಡುವುದೇ ಸುಲಭ.

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಗಾಜಿಗೆ ಅಂಟಿಸುವ ಸ್ಕೇಲು ಒಂದೇ ಕಡೆ ಉಪಯೋಗಕ್ಕೆ ಬರುತ್ತದೆ: ಸಕ್ಕರ್ ಮೀನು ಗಾಜಿಗೆ ಬಾಯಿ ಕಚ್ಚಿ ನಿಂತಾಗ. ಮೀನಿಗೂ ಸ್ಕೇಲಿಗೂ ನಡುವೆ ಗಾಜಿನ ದಪ್ಪ ಮಾತ್ರ, ಹಾಗಾಗಿ ಓದು ಹೆಚ್ಚುಕಡಿಮೆ ಸರಿ. ಉಳಿದ ಮೀನುಗಳಿಗೆ ಮುಳುಗುವ ಪೆಲೆಟ್ಟನ್ನು ಮುಂದಿನ ಗಾಜಿನ ಬುಡಕ್ಕೆ ಹಾಕಿದರೆ ಅವು ಗಾಜಿಗೆ ಪಕ್ಕೆ ತಾಗಿಸಿ ತಿನ್ನುವ ಕ್ಷಣ ಸಿಗುತ್ತದೆ, ಆಗ ಫೋಟೋ ತೆಗೆಯಬಹುದು. ಮೊಬೈಲಿನ ಅಳತೆ ಆ್ಯಪ್‌ಗಳು ಗಾಜು, ಪ್ರತಿಬಿಂಬ, ಅಲುಗುವ ಮೀನು ಮೂರೂ ಸೇರಿದಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೆಂದು ತಿಳಿಯದೆ ಹಿಂದಿನ ಗೋಡೆಯನ್ನೇ ಹಿಡಿಯುತ್ತವೆ. ಮೇಜು, ಬಾಗಿಲು ಅಳೆಯಲಿ. ಡಿಜಿಟಲ್ ವರ್ನಿಯರ್ 0.01 ಮಿ.ಮೀ. ತೋರಿಸುತ್ತದೆ, ಅಲುಗುವ ಜೀವಕ್ಕೆ ಆ ಎರಡನೇ ದಶಮಾಂಶ ಶೃಂಗಾರ. ಅದರ ದವಡೆ ಚೂಪು, ಬ್ಯಾಟರಿಯ ಪತ್ತಿ ಕಡಲ ಗಾಳಿಗೆ ಹಸಿರುಗಟ್ಟುತ್ತದೆ. ಸತ್ತ ಮೀನಿಗೆ ಸರಿ.

ಕೆಲವು ಮೀನುಗಳಿಗೆ ಬೇರೆ ನಿಯಮವೂ ಇದೆ. ಸ್ವೋರ್ಡ್‌ಟೇಲ್ ಗಂಡಿನ ಕತ್ತಿಯನ್ನು ಉದ್ದಕ್ಕೆ ಸೇರಿಸಬಾರದು, ಸೇರಿಸಿದರೆ ಹಾಗೆಂದು ಬರೆಯಬೇಕು. ಏಂಜಲ್‌ಗೆ ಉದ್ದಕ್ಕಿಂತ ಎತ್ತರ ಮುಖ್ಯ, ಟ್ಯಾಂಕಿನ ಆಳ ನಿರ್ಧರಿಸುವುದು ಅದು. ಹಾವುಮೀನಿನಂಥವಕ್ಕೆ ಟಿಎಲ್ ಮಾತ್ರ. ತೊರಕೆ ಜಾತಿಯವಕ್ಕೆ ಬಾಲ ಬಿಟ್ಟು ಚಕ್ರದಂಥ ಮೈಯ ಅಗಲ. ಕಡಲಕುದುರೆ ಬಲೆಗೆ ಬಿದ್ದದ್ದು ಸಿಕ್ಕರೂ ಅಳೆಯಲು ಮನೆಗೆ ತರಬೇಡಿ. ಅದು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಇಟ್ಟುಕೊಳ್ಳುವುದೇ ಅಪರಾಧ.

ಇಷ್ಟು ನಿಖರತೆ ಯಾಕೆ ಎಂದು ಕೇಳುವವರಿಗೆ: ಮೀನಿನ ತೂಕ ಉದ್ದದ ಘನದಂತೆ ಏರುತ್ತದೆ. ಐದು ಸೆಂ.ಮೀ. ಆಸ್ಕರ್ ಹತ್ತಕ್ಕೆ ಬಂದಾಗ ತೂಕ ಎರಡಲ್ಲ, ಸುಮಾರು ಎಂಟು ಪಟ್ಟು. ಉದ್ದದಲ್ಲಿ ನೂರಕ್ಕೆ ಇಪ್ಪತ್ತು ಕಡಿಮೆ ಓದಿದರೆ ತೂಕ ಹೆಚ್ಚುಕಡಿಮೆ ಅರ್ಧವೇ ಆಗಿಬಿಡುತ್ತದೆ. ತೂಕದ ಲೆಕ್ಕದಲ್ಲಿ ಮೇವು, ಮೇವಿನಲ್ಲಿ ಬೆರೆಸಿ ಕೊಡುವ ಔಷಧಿ ಎರಡೂ ಅದರೊಂದಿಗೆ ಹಳಿ ತಪ್ಪುತ್ತವೆ. "ಗ್ಯಾಲನ್‌ಗೆ ಒಂದಿಂಚು", ಅಂದರೆ 3.8 ಲೀಟರಿಗೆ ಒಂದಿಂಚು ಮೀನು ಎಂಬ ಹಳೆಯ ನಿಯಮ ಮುರಿದು ಬೀಳುವುದೂ ಇಲ್ಲೇ. ಒಂದೊಂದಿಂಚಿನ ಹತ್ತು ಟೆಟ್ರಾ ಮತ್ತು ಹತ್ತಿಂಚಿನ ಒಂದು ಆಸ್ಕರ್ ಆ ನಿಯಮಕ್ಕೆ ಸಮ. ಮೈಕಟ್ಟು ಒಂದೇ ಎಂದುಕೊಂಡರೂ ಆಸ್ಕರಿನ ತೂಕ ಆ ಹತ್ತರ ನೂರು ಪಟ್ಟು.

ಇಷ್ಟಾದರೂ 15 ಸೆಂ.ಮೀ. ದಾಟಿದ ಆಸ್ಕರ್, ಕೋಯಿ, ಫ್ಲವರ್‌ಹಾರ್ನ್‌ಗೆ ಈ ಡಬ್ಬಿ ಆಗದು. ದೊಡ್ಡ ಡಬ್ಬಿಗೆ ದುಡ್ಡು ಹಾಕುವುದೂ ಬೇಡ. ತೋಟದ ಮನೆಗಳಲ್ಲಿ ನೀರಾವರಿಗೆ ಹಾಕಿ ಉಳಿದ ಪಿವಿಸಿ ಪೈಪಿನ ತುಂಡು ಇದ್ದೇ ಇರುತ್ತದೆ. 110 ಮಿ.ಮೀ. ವ್ಯಾಸದ್ದು, ಅರ್ಧ ಮೀಟರ್ ಉದ್ದದ್ದು ಆರಿಸಿ ಉದ್ದಕ್ಕೆ ಸೀಳಿ ಎರಡು ದೋಣಿ ಮಾಡಿ. ಒಂದರ ತುದಿಗೆ ಪಿವಿಸಿಯದ್ದೇ ಚಪ್ಪಟೆ ತುಂಡು ಅಂಟಿಸಿದರೆ ಮೂತಿ ತಾಗಿಸುವ ಗೋಡೆ ಸಿದ್ಧ. ಎಂಡ್ ಕ್ಯಾಪ್ ಹಾಕಬೇಡಿ, ಅದರ ಒಳಗು ಗುಂಡಗಿದ್ದು ಸೊನ್ನೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ತಳದ ನಡುಗೆರೆಯಲ್ಲಿ ಉಕ್ಕಿನ ಸ್ಕೇಲು ಅಥವಾ ಕೊಕ್ಕೆ ಕತ್ತರಿಸಿದ ಟೇಪನ್ನು ಗೋಡೆಯ ಒಳಮೈಗೆ ಸೊನ್ನೆ ತಾಗಿಸಿ ಅಂಟಿಸಬೇಕು. ದರ್ಜಿಯ ಟೇಪ್ ಬೇಡ, ಒದ್ದೆಯಾದರೆ ಹಿಗ್ಗುತ್ತದೆ. ಸೀಳಿದ ಅಂಚನ್ನು ಮರಳುಕಾಗದದಿಂದ ಬೆರಳು ಜಾರುವಷ್ಟು ನುಣುಪು ಮಾಡಿ, ಅಂಟು ಎರಡು ದಿನ ಒಣಗಲಿ, ಮಳೆಗಾಲದಲ್ಲಿ ನಾಲ್ಕು ದಿನ.

ಬಳಸುವಾಗ ದೋಣಿಯನ್ನು ಟ್ಯಾಂಕಿನ ನೀರಿನಿಂದ ಒದ್ದೆ ಮಾಡಿ, ಕೈಯನ್ನೂ ಒದ್ದೆ ಮಾಡಿ, ಮೀನನ್ನು ಪಕ್ಕಕ್ಕೆ ಮಲಗಿಸಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಕತ್ತಲಾದರೆ ಹೊಡೆದಾಟ ನಿಲ್ಲುತ್ತದೆ. ಮೂತಿಯನ್ನು ಗೋಡೆಗೆ ತಾಗಿಸಿ, ಬಾಲದ ಬುಡದ ನೇರ ಮೇಲೆ ಕಣ್ಣು ತಂದು ಎಸ್ಎಲ್ ಓದಿ, ಬಾಲ ಸಹಜವಾಗಿ ಹರಡಿದ ಹಾಗೆ ಟಿಎಲ್ ಓದಿ. ಇನ್ನೊಬ್ಬರು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರೆ 15 ಸೆಕೆಂಡಿನಲ್ಲಿ ಮೀನು ನೀರಿಗೆ ವಾಪಸ್. ಒದ್ದಾಡಿ ಸರಿಯಾಗಿ ಸಿಗದಿದ್ದರೆ ಅದೇ ಸುತ್ತಿನಲ್ಲಿ ಮತ್ತೆ ಎತ್ತಬೇಡಿ, ವಾರ ಬಿಟ್ಟು ನೋಡಿ. ದೋಣಿಯ ಇನ್ನರ್ಧ ಬಿಸಾಡಬೇಡಿ, ಮೀನು ಜಿಗಿಯುವ ಜಾತಿಯದಾದರೆ ಮೇಲಿನಿಂದ ಮುಚ್ಚಲು ಅದೇ ಸರಿಯಾದ ಮುಚ್ಚಳ.